ಅಗತ್ಯಕ್ಕೆ ತಕ್ಕ ಸಂಚಾರ: ಸರಕು ಸಾಗಣೆಯ ವಿಜ್ಞಾನವೂ ನಮ್ಮ ಮೈಸೂರೂ

ಕಾಯಕದಲ್ಲಿ ಮೇಲು ಕೀಳೆಂಬ ಭೇದವನ್ನು ಶರಣರು ಎಣಿಸಲಿಲ್ಲ. ದೋಣಿ ನಡೆಸಿದ ಅಂಬಿಗರ ಚೌಡಯ್ಯನವರೂ, ಹಗ್ಗ ಹೊಸೆದ ನುಲಿಯ ಚಂದಯ್ಯನವರೂ, ತುರುಗಳನ್ನು ಕಾಯ್ದ ತುರುಗಾಹಿ ರಾಮಣ್ಣನವರೂ ಶರಣ ಸಮೂಹದಲ್ಲಿ ಸಮಾನ ಗೌರವಕ್ಕೆ ಪಾತ್ರರಾದರು. ಜನರನ್ನು ಈ ದಡದಿಂದ ಆ ದಡಕ್ಕೆ ಮುಟ್ಟಿಸುವುದು, ಒಂದೂರಿನ ಧಾನ್ಯವನ್ನು ಇನ್ನೊಂದೂರಿನ ಹಸಿದವರ ಬಳಿಗೆ ಒಯ್ಯುವುದು, ಇವೂ ಕಾಯಕಗಳೇ. ಇಂದು ನಮ್ಮ ಮನೆಗಳಿಗೆ ಬೆಳಗಿನ ಹಾಲು, ತರಕಾರಿ, ಅಡುಗೆ ಅನಿಲ, ಪೂಜೆಯ ಹೂವು, ಮಕ್ಕಳ ಪುಸ್ತಕ ಎಲ್ಲವೂ ಯಾರೋ ಹೊತ್ತು, ಯಾರೋ ಗಾಡಿ ನಡೆಸಿ, ಯಾರೋ ಇಳಿಸಿದ ಮೇಲೆಯೇ ಬರುತ್ತವೆ. ಆದರೆ ಆ ವಸ್ತುಗಳು ಬಂದ ಹಾದಿಯನ್ನು ಕುರಿತು ನಾವು ಯೋಚಿಸುವುದು ತೀರ ಅಪರೂಪ. ಲಾರಿಯೊಂದು ರಸ್ತೆಗೆ ಅಡ್ಡ ನಿಂತಾಗ ಮಾತ್ರ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಆಗ ನಮ್ಮ ಬಾಯಿಂದ ಹೊರಡುವುದು ಕೃತಜ್ಞತೆಯ ಮಾತಲ್ಲ.

ಈ ಹಾದಿಯನ್ನೇ ಶಾಸ್ತ್ರೀಯವಾಗಿ ಅಭ್ಯಾಸ ಮಾಡುವ ವಿದ್ವಾಂಸರಿದ್ದಾರೆ, ಸಂಸ್ಥೆಗಳಿವೆ. ನಗರವೊಂದರೊಳಗೆ ಜನರೂ ಸರಕೂ ಹೇಗೆ ಚಲಿಸಬೇಕು, ಗಾಳಿಯನ್ನು ಕೆಡಿಸದೆ, ಪ್ರಾಣಹಾನಿಯಾಗದೆ, ಮುಂದಿನ ಪೀಳಿಗೆಯ ಪಾಲನ್ನು ನಾವೇ ಉಂಡು ತೀರಿಸದೆ ಈ ಚಲನೆಯನ್ನು ನಡೆಸುವ ಬಗೆ ಯಾವುದು ಎಂಬುದು ಅವರ ಜಿಜ್ಞಾಸೆ. ಅವರು ಕಂಡುಕೊಂಡ ಸಂಗತಿಗಳನ್ನು ಮೈಸೂರು ನಗರಕ್ಕೆ ಅನ್ವಯಿಸಿ ನೋಡುವುದೇ ಈ ಲೇಖನದ ಉದ್ದೇಶ. ಇದು ಕೇವಲ ಇಂಜಿನಿಯರರ ವಿಷಯವಲ್ಲ, ಪ್ರತಿಯೊಂದು ಮನೆಯ, ಪ್ರತಿಯೊಂದು ಮಠದ, ಪ್ರತಿಯೊಂದು ಕಲ್ಯಾಣಮಂಟಪದ ವಿಷಯ ಎಂಬುದು ನಮ್ಮ ನಂಬುಗೆ.

ಲಕ್ಕಮ್ಮನವರು ಕಲಿಸಿದ ಪಾಠ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಶರಣ ಕುಟುಂಬವಿರಲಾರದು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಿಂದ ಜಂಗಮ ದಾಸೋಹ ನಡೆಸುವುದು ಆ ಮನೆಯ ವ್ರತ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ. ದಿನದ ಅಗತ್ಯಕ್ಕೆ ಮಿಕ್ಕದ್ದು ನಮಗೆ ಸಲ್ಲದೆಂದು ಹೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಮರಳಿಸುವಂತೆ ಪತಿಗೆ ತಿಳಿಹೇಳಿದರು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಅಪರಿಗ್ರಹದ ನಿದರ್ಶನವಾಗಿ ಹೇಳುತ್ತೇವೆ. ಅದರಲ್ಲಿ ಸಂಚಾರದ ನೀತಿಯೂ ಅಡಗಿದೆ. ಎಷ್ಟು ಬೇಕೋ ಅಷ್ಟೇ ತರಬೇಕು. ತರುವ ಶ್ರಮ ವ್ಯರ್ಥವಾಗಬಾರದು. ಅಂಗಳವು ಎಲ್ಲರದು, ಅದನ್ನು ಒಬ್ಬರೇ ತುಂಬಿಕೊಳ್ಳಬಾರದು. ಅಂಗಳ ಎಂಬಲ್ಲಿ ರಸ್ತೆ ಎಂದು ಓದಿಕೊಂಡರೆ ಇಂದಿನ ಸಾರಿಗೆ ತಜ್ಞರ ಮಾತು ಇದಕ್ಕಿಂತ ಬೇರೆಯಲ್ಲವೆಂಬುದು ಮುಂದೆ ತಿಳಿಯುತ್ತದೆ.

ಮೈಸೂರಿನ ದಾನದಿಂದ ಬೆಳೆದ ವಿದ್ಯಾಲಯ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೈಸೂರಿನವರಾದ ನಮಗೆ ಪರಕೀಯವಲ್ಲ. ಜಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪ, ಮೈಸೂರು ಅರಸರು ಉದಾರವಾಗಿ ನೀಡಿದ ೩೭೧ ಎಕರೆ ಭೂಮಿ, ಇವೆರಡರ ಫಲವಾಗಿ ಆ ಸಂಸ್ಥೆ ೧೯೦೯ರಲ್ಲಿ ಸ್ಥಾಪನೆಯಾಯಿತು. ೧೯೧೧ರಲ್ಲಿ ಅದರ ಅಡಿಗಲ್ಲನ್ನು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ ಸಂಸ್ಥೆಯಲ್ಲಿ ೨೦೦೯ರಲ್ಲಿ ಕರ್ನಾಟಕ ಸರ್ಕಾರದ ನೆರವಿನೊಡನೆ ಮೂಲಸೌಕರ್ಯ, ಸುಸ್ಥಿರ ಸಾರಿಗೆ ಮತ್ತು ನಗರ ಯೋಜನಾ ಕೇಂದ್ರವು ಆರಂಭಗೊಂಡಿತು. ‘ಸಿಸ್ಟಪ್’ ಎಂಬ ಕಿರುಹೆಸರಿನಿಂದ ಅದು ಪರಿಚಿತವಾಗಿದೆ. ಅದಕ್ಕೂ ಎರಡು ವರ್ಷ ಮೊದಲು, ೨೦೦೭ರಲ್ಲಿ, ರಾಜ್ಯ ಸರ್ಕಾರವು ನಗರ ಭೂಸಾರಿಗೆ ನಿರ್ದೇಶನಾಲಯವನ್ನು ತೆರೆದಿತ್ತು. ಒಂದು ಕಡೆ ಸಂಶೋಧನೆ, ಇನ್ನೊಂದು ಕಡೆ ಆಡಳಿತ. ಎರಡೂ ಕೈಗೂಡಿದರೆ ಮಾತ್ರ ನಗರದ ಸಂಚಾರ ಸುಧಾರಿಸೀತೆಂಬುದು ಇದರ ಹಿಂದಿನ ಆಶಯ.

ಇಂತಹ ಕೇಂದ್ರಗಳಲ್ಲಿ ನಡೆಯುವ ಕೆಲಸದ ಸ್ವರೂಪವನ್ನು ಸ್ಥೂಲವಾಗಿ ಹೇಳಬಹುದು. ಮೊದಲನೆಯದು ಎಣಿಕೆ: ಯಾವ ವೃತ್ತದಲ್ಲಿ ಯಾವ ಹೊತ್ತಿಗೆ ಎಷ್ಟು ಬಸ್ಸು, ಎಷ್ಟು ಲಾರಿ, ಎಷ್ಟು ದ್ವಿಚಕ್ರ ವಾಹನ, ಎಷ್ಟು ಪಾದಚಾರಿಗಳು ಹಾದುಹೋಗುತ್ತಾರೆ ಎಂಬ ಲೆಕ್ಕ. ಎರಡನೆಯದು ವಿಚಾರಣೆ: ಎಲ್ಲಿಂದ ಹೊರಟಿರಿ, ಎಲ್ಲಿಗೆ ಹೋಗುವಿರಿ, ಗಾಡಿಯಲ್ಲಿ ಏನಿದೆ, ಮರಳುವಾಗ ಏನನ್ನು ಒಯ್ಯುವಿರಿ ಎಂದು ಮನೆಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಚಾಲಕರಲ್ಲಿಯೂ ಕೇಳಿ ದಾಖಲಿಸುವುದು. ಮೂರನೆಯದು, ಉಪಗ್ರಹದ ನೆರವಿನಿಂದ ವಾಹನದ ಚಲನೆಯನ್ನು ಗುರುತಿಸುವ ಸಾಧನಗಳ ಮೂಲಕ ಅದು ಎಲ್ಲಿ ನಿಂತಿತು, ಎಷ್ಟು ಹೊತ್ತು ಕಾಯಿತು ಎಂಬುದನ್ನು ಅರಿಯುವುದು. ಈ ಮೂರನ್ನೂ ಕೂಡಿಸಿ ಕಂಪ್ಯೂಟರಿನಲ್ಲಿ ನಗರದ ಒಂದು ಪ್ರತಿಕೃತಿಯನ್ನು ಕಟ್ಟುತ್ತಾರೆ. ಹೊಸ ಮೇಲುಸೇತುವೆ ಬಂದರೆ ಏನಾದೀತು, ಬಸ್ಸುಗಳನ್ನು ಹೆಚ್ಚಿಸಿದರೆ ಏನಾದೀತು ಎಂಬುದನ್ನು ಕೋಟಿಗಟ್ಟಲೆ ಹಣ ಸುರಿಯುವ ಮೊದಲೇ ಆ ಪ್ರತಿಕೃತಿಯಲ್ಲಿ ಪರೀಕ್ಷಿಸಿ ನೋಡುತ್ತಾರೆ.

ರಸ್ತೆಯನ್ನು ಯಾರು ಎಷ್ಟು ಆಕ್ರಮಿಸುತ್ತಾರೆ?

ಇಂಡಿಯನ್ ರೋಡ್ಸ್ ಕಾಂಗ್ರೆಸ್ ೧೯೯೦ರಲ್ಲಿ ನಗರದ ರಸ್ತೆಗಳಿಗಾಗಿ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿತು. ಅದರಲ್ಲಿ ಕಾರನ್ನು ‘ಒಂದು’ ಎಂದು ಹಿಡಿದು ಇತರ ವಾಹನಗಳು ರಸ್ತೆಯ ಎಷ್ಟು ಪಾಲನ್ನು ಬಳಸುತ್ತವೆ ಎಂಬುದನ್ನು ಅಳೆಯಲಾಗಿದೆ. ದ್ವಿಚಕ್ರ ವಾಹನಕ್ಕೆ ೦.೫ರಿಂದ ೦.೭೫, ಲಘು ಸರಕು ವಾಹನಕ್ಕೆ ೧.೪ರಿಂದ ೨, ಬಸ್ಸು ಅಥವಾ ಲಾರಿಗೆ ೨.೨ರಿಂದ ೩.೭, ಕೈಗಾಡಿಗೆ ೨ರಿಂದ ೩. ಮೈಸೂರಿನವರಿಗೆ ಪ್ರಿಯವಾದ ಟಾಂಗಾಕ್ಕೂ ಅದರಲ್ಲಿ ಸ್ಥಾನವಿದೆ: ೧.೫ರಿಂದ ೨. ವೇಗ ಕಡಿಮೆಯಾದಷ್ಟೂ, ಗಾತ್ರ ಹಿರಿದಾದಷ್ಟೂ ಪಾಲು ಹೆಚ್ಚು ಎಂಬುದು ಇದರ ತತ್ತ್ವ.

ಈ ಅಂಕಿಗಳಿಂದ ಒಂದು ಸರಳ ಲೆಕ್ಕವನ್ನು ನಾವೇ ಮಾಡಬಹುದು. ಐವತ್ತು ಜನರು ಒಂದೇ ಬಸ್ಸಿನಲ್ಲಿ ಹೋದರೆ ಅವರು ಬಳಸುವ ರಸ್ತೆ ಹೆಚ್ಚೆಂದರೆ ೩.೭ ಕಾರುಗಳಷ್ಟು. ಅವರೇ ಇಬ್ಬಿಬ್ಬರಂತೆ ಕಾರುಗಳಲ್ಲಿ ಹೊರಟರೆ ೨೫ ಕಾರುಗಳಾದವು. ಎಂದರೆ ಸುಮಾರು ಏಳು ಪಟ್ಟು. ಇಬ್ಬಿಬ್ಬರಂತೆ ಸ್ಕೂಟರಿನಲ್ಲಿ ಹೋದರೂ ಐದು ಪಟ್ಟು ರಸ್ತೆ ಬೇಕು. ‘ರಸ್ತೆ ಕಿರಿದಾಯಿತು’ ಎಂದು ನಾವು ದೂರುವಾಗ, ರಸ್ತೆ ಕಿರಿದಾಯಿತೋ ನಮ್ಮ ಬಳಕೆ ಹಿರಿದಾಯಿತೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ರಸ್ತೆಯನ್ನು ಅಗಲಗೊಳಿಸಿದರೆ ತೊಂದರೆ ನೀಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ ೧೯೬೨ರಲ್ಲಿಯೇ ಇದಕ್ಕೆ ಉತ್ತರ ಹೇಳಿದರು: ಹೊಸದಾಗಿ ತೆರೆದ ರಸ್ತೆಯು ಹೊಸ ವಾಹನಗಳನ್ನು ಕರೆತರುತ್ತದೆ, ದಟ್ಟಣೆ ಮೊದಲಿನ ಮಟ್ಟಕ್ಕೇ ಮರಳುತ್ತದೆ. ಡುರಾಂಟನ್ ಮತ್ತು ಟರ್ನರ್ ಎಂಬ ವಿದ್ವಾಂಸರು ೨೦೧೧ರಲ್ಲಿ ಅಮೆರಿಕದ ನಗರಗಳ ಅಂಕಿಅಂಶಗಳನ್ನು ಪರಿಶೀಲಿಸಿ, ಹೆದ್ದಾರಿಯ ಉದ್ದ ಬೆಳೆದಷ್ಟೇ ಪ್ರಮಾಣದಲ್ಲಿ ವಾಹನಗಳ ಓಡಾಟವೂ ಬೆಳೆಯುತ್ತದೆಂದು ತೋರಿಸಿದರು. ಆಸೆಯನ್ನು ಉಣಿಸಿ ತಣಿಸಲಾಗದೆಂಬ ಅನುಭಾವಿಗಳ ಮಾತಿಗೆ ಇದು ಎಷ್ಟು ಹತ್ತಿರವಾಗಿದೆ!

ಸರಕಿನ ಭಾರ, ಗಾಳಿಯ ಭಾರ

ನಮ್ಮ ದೇಶದಲ್ಲಿ ಸಾಗುವ ಸರಕಿನಲ್ಲಿ ನೂರಕ್ಕೆ ಸುಮಾರು ೭೦ ಪಾಲು ರಸ್ತೆಯ ಮೇಲೆಯೇ ಸಾಗುತ್ತದೆ. ನೀತಿ ಆಯೋಗವು ೨೦೨೨ರಲ್ಲಿ ಹೊರತಂದ ವರದಿಯೊಂದರ ಪ್ರಕಾರ ದೇಶದ ಒಟ್ಟು ವಾಹನಗಳಲ್ಲಿ ಲಾರಿಗಳ ಸಂಖ್ಯೆ ನೂರಕ್ಕೆ ಕೇವಲ ಮೂರು. ಆದರೆ ವಾಹನಗಳಿಂದ ಹೊರಬೀಳುವ ಸೂಕ್ಷ್ಮ ಧೂಳಿನ ಕಣಗಳಲ್ಲಿ ನೂರಕ್ಕೆ ೫೩ ಪಾಲು, ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ೩೪ ಪಾಲು ಅವುಗಳದ್ದೇ. ಡೀಸೆಲ್ ಹೊಗೆಯ ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲಷ್ಟು ಸಣ್ಣವು. ರಸ್ತೆಬದಿಯ ಶಾಲೆಯ ಮಗುವೂ, ಹೂ ಮಾರುವ ತಾಯಿಯೂ, ಸಂಚಾರ ಪೊಲೀಸರೂ ಮೊದಲು ಉಸಿರಾಡುವುದು ಇದನ್ನೇ. ೨೦೨೦ರ ಏಪ್ರಿಲ್ ೧ರಿಂದ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ ಆರರ ಕಟ್ಟುನಿಟ್ಟಾದ ಮಾನದಂಡ ಜಾರಿಗೆ ಬಂದದ್ದು ಸ್ವಾಗತಾರ್ಹವಾದರೂ, ಅದಕ್ಕೆ ಮುಂಚಿನ ಲಾರಿಗಳು ಇನ್ನೂ ಬಹುಸಂಖ್ಯೆಯಲ್ಲಿವೆ.

ಇದರಲ್ಲಿ ಲಾರಿ ಚಾಲಕರ ತಪ್ಪನ್ನು ಹುಡುಕುವುದು ನ್ಯಾಯವಲ್ಲ. ತುಂಬಿದ ಲಾರಿ ಸರಕನ್ನು ಇಳಿಸಿ ಬರಿದಾಗಿ ಮರಳಿದರೆ ಮರುಪ್ರಯಾಣದ ಡೀಸೆಲ್ ಹೊಗೆಯಾಗಿ ಹೋಯಿತಷ್ಟೆ, ಯಾರ ಹೊಟ್ಟೆಯನ್ನೂ ತುಂಬಲಿಲ್ಲ. ಆದುದರಿಂದ ಸಾಗಣೆಯ ಶಾಸ್ತ್ರವು ನಾಲ್ಕು ಮಾತುಗಳನ್ನು ಮತ್ತೆ ಮತ್ತೆ ಹೇಳುತ್ತದೆ. ಗಾಡಿ ಬರಿದಾಗಿ ಓಡಬಾರದು. ಹಲವರ ಸರಕನ್ನು ಒಂದೆಡೆ ಕೂಡಿಸಿ ಒಂದೇ ಗಾಡಿಯಲ್ಲಿ ಒಯ್ಯಬೇಕು. ದೂರದ ಹಾದಿಗೆ ರೈಲು, ನಗರದೊಳಗಿನ ಕಿರುಹಾದಿಗೆ ವಿದ್ಯುತ್ ಗಾಡಿ ಅಥವಾ ಸೈಕಲ್ ಗಾಡಿ ಮೇಲು. ಇಳಿಸುವುದಕ್ಕೆ ಗೊತ್ತಾದ ಹೊತ್ತೂ ಗೊತ್ತಾದ ಸ್ಥಳವೂ ಇರಬೇಕು. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ಡಾಂಬರಿನ ಮೇಲೆ ಉರುಳುವ ರಬ್ಬರಿನ ಗಾಲಿಗಿಂತ ಬಹಳ ಕಡಿಮೆ ಪ್ರತಿರೋಧ. ಅದೇ ತೂಕವನ್ನು ರೈಲು ಕಡಿಮೆ ಇಂಧನದಲ್ಲಿ ಒಯ್ಯುವುದರ ರಹಸ್ಯ ಇಷ್ಟೆ.

ಮೈಸೂರಿನ ಪರಂಪರೆ ಮತ್ತು ಪ್ರಸ್ತುತ ಸ್ಥಿತಿ

ಯೋಜಿತವಾಗಿ ಬೆಳೆದ ನಗರವೆಂಬ ಕೀರ್ತಿ ಮೈಸೂರಿನದು. ಇಲ್ಲಿಗೆ ಬೆಂಗಳೂರಿನಿಂದ ರೈಲು ಬಂದದ್ದು ೧೮೮೨ರಲ್ಲಿ. ಅದು ನಂಜನಗೂಡಿಗೆ ಮುಂದುವರಿದದ್ದು ೧೮೯೧ರಲ್ಲಿ. ೧೯೦೩ರಲ್ಲಿಯೇ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಗಿ, ಗಾಳಿ ಬೆಳಕುಗಳಿಗೆ ಅವಕಾಶವಿರುವ ಬಡಾವಣೆಗಳೂ ಅಗಲವಾದ ಬೀದಿಗಳೂ ರೂಪುಗೊಂಡವು. ಆದರೆ ಆ ಬೀದಿಗಳನ್ನು ರೂಪಿಸಿದವರ ಕಣ್ಣ ಮುಂದಿದ್ದುದು ಟಾಂಗಾ, ಎತ್ತಿನ ಗಾಡಿ, ಕಾಲ್ನಡಿಗೆ. ೨೦೧೧ರ ಜನಗಣತಿಯ ವೇಳೆಗೆ ಮೈಸೂರು ಮತ್ತು ಅದಕ್ಕೆ ಸೇರಿಕೊಂಡ ನಗರ ಪ್ರದೇಶದ ಜನಸಂಖ್ಯೆ ಹತ್ತು ಲಕ್ಷದ ಸಮೀಪಕ್ಕೆ ಬಂದಿತ್ತು. ಬೀದಿ ಅಷ್ಟೇ ಇದೆ. ಅದರ ಮೇಲಿನ ಭಾರ ಮಾತ್ರ ಹಲವು ಮಡಿಯಾಗಿದೆ.

ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆಗಳ ನೆನಪಾದೊಡನೆ ಮನಸ್ಸಿಗೆ ಬರುವುದು ದೇವರಾಜ ಮಾರುಕಟ್ಟೆ. ಅದು ನಗರದ ಹೃದಯಭಾಗದಲ್ಲಿ, ಸಯ್ಯಾಜಿರಾವ್ ರಸ್ತೆಯ ಮಗ್ಗುಲಲ್ಲಿದೆ. ಸಂತೆಪೇಟೆಯಲ್ಲಿ ದಿನಸಿ ಮಂಡಿಗಳಿವೆ. ನಂಜನಗೂಡು ರಸ್ತೆಯ ಬಂಡೀಪಾಳ್ಯದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಯ ವಿಶಾಲ ಪ್ರಾಂಗಣವಿದೆ. ಹೊರಗಿನಿಂದ ಬಂದ ದೊಡ್ಡ ಲಾರಿ ಅಲ್ಲಿಯೇ ನಿಂತು, ಅಲ್ಲಿಂದ ಚಿಕ್ಕ ವಾಹನಗಳಲ್ಲಿ ಸರಕು ನಗರವನ್ನು ಸೇರುವುದು ಸರಿಯಾದ ಕ್ರಮ. ಸುಮಾರು ೪೨ ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆ ಇರುವುದರಿಂದ, ಮೈಸೂರಿನಲ್ಲಿ ಕೆಲಸವಿಲ್ಲದ ಭಾರಿ ವಾಹನಗಳು ಊರೊಳಗೆ ಬರಬೇಕಾದ ಕಾರಣವೂ ಇಲ್ಲ. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ೧೧೮ ಕಿಲೋಮೀಟರುಗಳ ಬೆಂಗಳೂರು–ಮೈಸೂರು ಹೆದ್ದಾರಿಯು ಪ್ರಯಾಣದ ವೇಳೆಯನ್ನು ತಗ್ಗಿಸಿತು. ಆದರೆ ಹೆದ್ದಾರಿಯು ವಾಹನಗಳನ್ನು ನಗರದ ಬಾಗಿಲಿಗೆ ಬೇಗ ತಂದು ಬಿಡುತ್ತದೆಯೇ ಹೊರತು ಒಳಗಿನ ಬೀದಿಗಳನ್ನು ಅಗಲಗೊಳಿಸಲಾರದು.

ನಂಜನಗೂಡು ಹಾದಿಯ ಕಡಕೊಳದ ಬಳಿ, ರೈಲ್ವೆ ಇಲಾಖೆಯ ಉದ್ಯಮವಾದ ಭಾರತೀಯ ಕಂಟೈನರ್ ನಿಗಮವು ಸರಕು ನೆಲೆಯೊಂದನ್ನು ನಿರ್ಮಿಸಿದೆ. ಈ ಭಾಗದ ಕಾರ್ಖಾನೆಗಳ ಪದಾರ್ಥಗಳು ಅಲ್ಲಿಯೇ ರೈಲನ್ನು ಏರುವಂತಾದರೆ, ಅಷ್ಟು ಲಾರಿಗಳು ಹೆದ್ದಾರಿಯಿಂದ ಕಡಿಮೆಯಾದಂತೆ. ೧೮೯೧ರ ಹಳಿಯ ಹಾದಿಗೆ ಹೀಗೆ ಹೊಸ ಕಾಯಕ ದೊರೆಯುತ್ತಿರುವುದು ಸಂತೋಷದ ಸಂಗತಿ.

ಬಸ್ಸು ಮತ್ತು ಬೈಸಿಕಲ್ಲಿನ ಪ್ರಯೋಗಗಳು

ಜನಸಂಚಾರದ ವಿಷಯದಲ್ಲಿ ಮೈಸೂರು ದೇಶಕ್ಕೆ ಮಾದರಿಯಾಗಬಲ್ಲ ಎರಡು ಪ್ರಯೋಗಗಳನ್ನು ಕಂಡಿದೆ. ೨೦೧೨ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ರಾಜ್ಯ ರಸ್ತೆ ಸಾರಿಗೆ ನಿಗಮವು ‘ಮಿತ್ರ’ ಎಂಬ ವ್ಯವಸ್ಥೆಯನ್ನು ಇಲ್ಲಿ ಆರಂಭಿಸಿತು. ಸುಮಾರು ೫೦೦ ನಗರ ಬಸ್ಸುಗಳಿಗೆ ಸ್ಥಾನಸೂಚಕ ಸಾಧನಗಳನ್ನು ಅಳವಡಿಸಿ, ಬಸ್ಸು ಎಷ್ಟು ನಿಮಿಷದಲ್ಲಿ ಬರುತ್ತದೆಂಬುದನ್ನು ನಿಲ್ದಾಣದ ಫಲಕದಲ್ಲಿ ತೋರಿಸುವ ಏರ್ಪಾಡು ಅದು. ಬಸ್ಸು ಬರುವುದೋ ಇಲ್ಲವೋ ಎಂಬ ಅನಿಶ್ಚಯವೇ ಜನರನ್ನು ಸ್ಕೂಟರಿನ ಕಡೆಗೆ ದೂಡುತ್ತದೆ. ಆ ಅನಿಶ್ಚಯವನ್ನು ಕಳೆಯುವುದು ಅದರ ಗುರಿ. ೨೦೧೭ರ ಜೂನ್ ೪ರಂದು ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬೈಸಿಕಲ್ ಯೋಜನೆ ೪೮ ನಿಲ್ದಾಣಗಳು ಹಾಗೂ ೪೫೦ ಬೈಸಿಕಲ್ಲುಗಳೊಡನೆ ಆರಂಭಗೊಂಡಿತು. ಒಂದು ನಿಲ್ದಾಣದಲ್ಲಿ ಪಡೆದು ಇನ್ನೊಂದರಲ್ಲಿ ಒಪ್ಪಿಸಬಹುದಾದ ಇಂತಹ ಏರ್ಪಾಡನ್ನು ದೇಶದಲ್ಲಿ ಮೊದಮೊದಲು ಆರಂಭಿಸಿದ ನಗರಗಳಲ್ಲಿ ಮೈಸೂರೂ ಒಂದು.

೨೦೨೩ರ ಜೂನ್ ೧೧ರಂದು ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಜಾರಿಗೆ ಬಂದ ಮೇಲೆ, ದುಡಿಯುವ ತಾಯಂದಿರಿಗೂ ಓದುವ ಹೆಣ್ಣುಮಕ್ಕಳಿಗೂ ಬಸ್ಸಿನ ಬಾಗಿಲು ಇನ್ನಷ್ಟು ತೆರೆಯಿತು. ಈ ಎಲ್ಲ ಏರ್ಪಾಡುಗಳಿಂದ ತಿಳಿಯುವುದೇನೆಂದರೆ, ಯೋಜನೆಯನ್ನು ಉದ್ಘಾಟಿಸುವುದು ಸುಲಭ. ಅದನ್ನು ದಿನದಿನವೂ ಸುಸ್ಥಿತಿಯಲ್ಲಿ ನಡೆಸಿಕೊಂಡು ಬರುವುದು ಕಷ್ಟ. ಬಳಸುವ ಜನರಿದ್ದರೆ ಮಾತ್ರ ಬಸ್ಸೂ ಬೈಸಿಕಲ್ಲೂ ಉಳಿಯುತ್ತವೆ.

ಹೊರನಾಡಿನ ಒಂದು ನಿದರ್ಶನ

ಇಟಲಿಯಲ್ಲಿ ಪಾದುವಾ ಎಂಬ ನಗರವಿದೆ. ಮೈಸೂರಿಗಿಂತ ಚಿಕ್ಕದು, ಸುಮಾರು ಎರಡು ಲಕ್ಷ ಜನವಸತಿ. ಮೈಸೂರಿನಂತೆಯೇ ಅದು ವಿದ್ಯೆಯ ನೆಲೆ, ಯಾತ್ರಿಕರು ಬರುವ ಪುಣ್ಯಸ್ಥಳ, ಹಳೆಯ ಕಿರುಬೀದಿಗಳ ಊರು. ಅಂಗಡಿಗಳಿಗೆ ಸರಕು ತರುವ ಹತ್ತಾರು ಸಾಗಣೆ ಸಂಸ್ಥೆಗಳ ಗಾಡಿಗಳು ಆ ಬೀದಿಗಳಲ್ಲಿ ಅರ್ಧ ತುಂಬಿ, ಅರ್ಧ ಬರಿದಾಗಿ ಅಲೆಯುತ್ತಿದ್ದವು. ೨೦೦೪ರಲ್ಲಿ ಅಲ್ಲಿ ‘ಸಿಟಿಪೋರ್ತೊ’ ಎಂಬ ವ್ಯವಸ್ಥೆ ಆರಂಭವಾಯಿತು. ಸಾಗಣೆ ಸಂಸ್ಥೆಗಳು ತಮ್ಮ ಸರಕನ್ನು ಊರ ಹೊರಗಿನ ಒಂದು ಉಗ್ರಾಣದಲ್ಲಿ ಇಳಿಸುತ್ತವೆ. ಅಲ್ಲಿ ಬೀದಿವಾರು ವಿಂಗಡಿಸಿ, ಕಡಿಮೆ ಹೊಗೆಯುಗುಳುವ ಗಾಡಿಗಳಲ್ಲಿ ತುಂಬಿ, ಒಂದೇ ಸುತ್ತಿನಲ್ಲಿ ಎಲ್ಲ ಅಂಗಡಿಗಳಿಗೂ ಹಂಚುತ್ತಾರೆ. ಆ ಗಾಡಿಗಳಿಗೆ ವಾಹನ ನಿರ್ಬಂಧವಿರುವ ಬೀದಿಗಳಲ್ಲಿ ಪ್ರವೇಶವನ್ನೂ ಬಸ್ಸುಗಳ ಪಥವನ್ನು ಬಳಸುವ ಅನುಮತಿಯನ್ನೂ ನೀಡಲಾಯಿತು. ಯಾರನ್ನೂ ಬಲವಂತಪಡಿಸಲಿಲ್ಲ, ಸೇರಿದವರಿಗೆ ಅನುಕೂಲ ಒದಗಿಸಲಾಯಿತು. ನಗರಸಭೆ, ವರ್ತಕರು, ಸಾಗಣೆದಾರರು ಒಂದೇ ಪಂಕ್ತಿಯಲ್ಲಿ ಕುಳಿತು ಮಾತನಾಡಿದ್ದರಿಂದ ಅದು ಸಾಧ್ಯವಾಯಿತು. ಬಂಡೀಪಾಳ್ಯದ ಪ್ರಾಂಗಣವೂ ಹೊರವರ್ತುಲ ರಸ್ತೆಯೂ ಇರುವ ಮೈಸೂರಿಗೆ ಇಂತಹ ವ್ಯವಸ್ಥೆ ಅಸಾಧ್ಯವೆನಿಸದು.

ಜಾತ್ರೆ, ದಾಸೋಹ ಮತ್ತು ಜೀವರಕ್ಷಣೆ

ನಮ್ಮ ಸಮಾಜಕ್ಕೆ ಅತ್ಯಂತ ಹತ್ತಿರವಾದ ಭಾಗ ಇದು. ಕಪಿಲಾ ತೀರದ ಸುತ್ತೂರು ಕ್ಷೇತ್ರದಲ್ಲಿ ಪುಷ್ಯಮಾಸದಲ್ಲಿ ನಡೆಯುವ ಜಾತ್ರಾ ಮಹೋತ್ಸವಕ್ಕೆ ಲಕ್ಷಾಂತರ ಭಕ್ತರು ಬರುತ್ತಾರೆ. ಬಂದವರೆಲ್ಲರಿಗೂ ದಾಸೋಹ ನಡೆಯುತ್ತದೆ. ನಂಜನಗೂಡಿನ ರಥೋತ್ಸವ, ಮಲೆಯ ಮಹದೇಶ್ವರ ಬೆಟ್ಟದ ಜಾತ್ರೆಗಳೂ ಹಾಗೆಯೇ. ಇಂತಹ ಮಹಾಸಂದಣಿಯ ಚಲನೆಯೂ ಇಂದು ಶಾಸ್ತ್ರೀಯ ಅಧ್ಯಯನದ ವಿಷಯವಾಗಿದೆ. ೨೦೧೬ರ ಉಜ್ಜಯಿನಿ ಕುಂಭಮೇಳದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಆಶಿಶ್ ವರ್ಮ ಮತ್ತು ಅವರ ಸಂಗಡಿಗರು ನೆದರ್ಲೆಂಡ್ಸ್ ಮೊದಲಾದ ದೇಶಗಳ ವಿದ್ವಾಂಸರೊಡನೆ ಸೇರಿ ಜನಸಂದಣಿಯ ಚಲನೆಯನ್ನು ಅಭ್ಯಸಿಸಿದರು. ಎದುರುಬದುರಾಗಿ ಬರುವ ಎರಡು ಪ್ರವಾಹಗಳು ಕಿರಿದಾದ ಸ್ಥಳದಲ್ಲಿ ಸಂಧಿಸುವಂತಾಗಬಾರದು, ಬರುವ ಹಾದಿ ಬೇರೆ ಹೋಗುವ ಹಾದಿ ಬೇರೆ ಇರಬೇಕು ಎಂಬುದು ಇಂತಹ ಅಧ್ಯಯನಗಳ ಮೊದಲ ಪಾಠ. ದಾಸೋಹಕ್ಕೆ ಬರುವ ತರಕಾರಿ ಲಾರಿಯ ಹಾದಿಯೂ ಭಕ್ತರು ನಡೆಯುವ ಹಾದಿಯೂ ಒಂದಾಗಬಾರದೆಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ಇಲ್ಲಿ ಒಂದು ಕಟುಸತ್ಯವನ್ನು ಹೇಳಲೇಬೇಕು. ಜಾತ್ರೆಗೆ, ಮದುವೆಗೆ, ಬೀಗರೂಟಕ್ಕೆ ಹೋಗುವಾಗ ಊರಿನ ಜನರೆಲ್ಲ ಗೂಡ್ಸ್ ಟೆಂಪೊದಲ್ಲಿಯೋ ಟ್ರ್ಯಾಕ್ಟರಿನ ಟ್ರೇಲರಿನಲ್ಲಿಯೋ ಕುಳಿತು ಹೊರಡುವ ರೂಢಿ ನಮ್ಮ ಸೀಮೆಯಲ್ಲಿ ಇನ್ನೂ ನಿಂತಿಲ್ಲ. ಸರಕಿನ ಗಾಡಿಯಲ್ಲಿ ಕೂರಲು ಆಸನವಿಲ್ಲ, ಹಿಡಿಯಲು ಆಸರೆಯಿಲ್ಲ, ಮೇಲೆ ರಕ್ಷಣೆಯಿಲ್ಲ. ನಿಂತ ಜನರ ಭಾರದಿಂದ ಗಾಡಿಯ ಸಮತೋಲ ತಪ್ಪುತ್ತದೆ. ತಿರುವಿನಲ್ಲಿ ಮಗುಚಿದರೆ ಒಂದೇ ಮನೆಯ ಮೂರು ತಲೆಮಾರು ಒಮ್ಮೆಗೇ ಆಪತ್ತಿಗೆ ಈಡಾಗುತ್ತದೆ. ಮೋಟಾರು ವಾಹನ ಕಾನೂನು ಇದನ್ನು ನಿಷೇಧಿಸಿದೆ. ೨೦೨೨ರ ಒಂದೇ ವರ್ಷದಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ೧,೬೮,೪೯೧ ಜನ ಮರಣ ಹೊಂದಿದರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ೪೪ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು, ಸುಮಾರು ೨೦ ಜನ ಪಾದಚಾರಿಗಳು. ದೇವರ ದರ್ಶನಕ್ಕೆ ಹೊರಟವರು ಕ್ಷೇಮವಾಗಿ ಮನೆಗೆ ಮರಳುವಂತೆ ನೋಡಿಕೊಳ್ಳುವುದೂ ಜಂಗಮ ಸೇವೆಯೇ. ಊರವರು ಕೂಡಿ ಒಂದು ಬಸ್ಸನ್ನು ಗೊತ್ತುಮಾಡಿದರೆ ತಲೆಗೆ ಬೀಳುವ ಖರ್ಚು ಹೆಚ್ಚೇನೂ ಆಗದು. ಉಳಿಯುವ ಪ್ರಾಣಕ್ಕೆ ಬೆಲೆ ಕಟ್ಟುವವರಾರು?

ನಮ್ಮಿಂದ ಆಗಬೇಕಾದುದು

ಮಠಕ್ಕೆ ದವಸ ಒಪ್ಪಿಸುವ ಸಂಪ್ರದಾಯವನ್ನೇ ತೆಗೆದುಕೊಳ್ಳೋಣ. ಇಪ್ಪತ್ತು ಊರುಗಳವರು ತಲಾ ಅರ್ಧ ಟನ್ ಅಕ್ಕಿ, ಬೇಳೆ, ಬೆಲ್ಲಗಳನ್ನು ತಮ್ಮ ತಮ್ಮ ಟೆಂಪೊಗಳಲ್ಲಿ ಮೂವತ್ತು ಕಿಲೋಮೀಟರ್ ಒಯ್ದು ಮರಳುತ್ತಾರೆ ಎನ್ನೋಣ. ಒಟ್ಟು ಓಟ ೧,೨೦೦ ಕಿಲೋಮೀಟರ್. ಲೀಟರಿಗೆ ೧೫ ಕಿಲೋಮೀಟರಿನಂತೆ ೮೦ ಲೀಟರ್ ಡೀಸೆಲ್. ಅದೇ ದವಸವನ್ನು ಪ್ರತಿಯೊಂದು ಊರಿನವರೂ ಐದು ಕಿಲೋಮೀಟರ್ ದೂರದ ಹೋಬಳಿ ಕೇಂದ್ರಕ್ಕೆ ತಂದು, ಅಲ್ಲಿಂದ ಹತ್ತು ಟನ್ನಿನ ಒಂದೇ ಲಾರಿಯಲ್ಲಿ ಕಳುಹಿಸಿದರೆ, ಟೆಂಪೊಗಳ ಓಟ ೨೦೦ ಕಿಲೋಮೀಟರ್, ಲಾರಿಯದು ೬೦. ಲಾರಿಗೆ ಲೀಟರಿಗೆ ಐದೇ ಕಿಲೋಮೀಟರ್ ಎಂದು ಹಿಡಿದರೂ ಒಟ್ಟು ಇಂಧನ ೨೫ ಲೀಟರಿನ ಆಸುಪಾಸು. ಭಕ್ತಿ ಅಷ್ಟೇ, ಅಕ್ಕಿಯೂ ಅಷ್ಟೇ. ಹೊಗೆ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಉಳಿದ ಹಣದಿಂದ ಎಷ್ಟು ಮಕ್ಕಳಿಗೆ ಪ್ರಸಾದವಾದೀತೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಕಲ್ಯಾಣಮಂಟಪದ ವ್ಯವಸ್ಥಾಪಕರು ಶಾಮಿಯಾನ, ಪಾತ್ರೆ, ಹೂವು, ತರಕಾರಿ, ಅನಿಲದ ಗಾಡಿಗಳಿಗೆ ಮುಂಜಾನೆ ಜನಸಂದಣಿಯಿಲ್ಲದ ಹೊತ್ತನ್ನು ಗೊತ್ತುಮಾಡಿ, ಆವರಣದೊಳಗೆ ಇಳಿಸಲು ಸ್ಥಳ ಬಿಡಬೇಕು. ಲಗ್ನಪತ್ರಿಕೆಯಲ್ಲಿ ಮುಹೂರ್ತದೊಡನೆ, ಮಂಟಪಕ್ಕೆ ಹತ್ತಿರದ ಬಸ್ ನಿಲ್ದಾಣವನ್ನೂ ಬಸ್ಸಿನ ಸಂಖ್ಯೆಯನ್ನೂ ಮುದ್ರಿಸಿದರೆ ಬಂಧುಗಳಿಗೆ ಅನುಕೂಲ. ವರ್ತಕ ಬಂಧುಗಳು ಒಂದೇ ಬೀದಿಯ ನಾಲ್ಕಾರು ಅಂಗಡಿಗಳಿಗೆ ಒಂದೇ ಗಾಡಿಯಲ್ಲಿ ಸರಕು ತರಿಸಬಹುದು. ಹೊಸ ಗೂಡ್ಸ್ ಆಟೊ ಕೊಳ್ಳುವವರು ವಿದ್ಯುತ್ ಗಾಡಿಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು. ನಗರದೊಳಗಿನ ಕಿರುದೂರದ, ಆಗಾಗ ನಿಂತು ಹೊರಡುವ ಓಡಾಟಕ್ಕೆ ಅದು ಹೇಳಿಮಾಡಿಸಿದಂತಿದೆ.

ಇನ್ನು ಮನೆಯ ಯಜಮಾನಿಯರಾದ ತಾಯಂದಿರಲ್ಲಿ ಒಂದು ಬಿನ್ನಹ. ತಿಂಗಳ ದಿನಸಿಗೆ ಒಂದೇ ಪಟ್ಟಿ, ಒಂದೇ ಸಲದ ಖರೀದಿ ಎಂಬುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಇಂದು ಮೊಬೈಲಿನಲ್ಲಿ ಬೆರಳಾಡಿಸಿದರೆ ಒಂದು ಕಟ್ಟು ಕೊತ್ತಂಬರಿಯೂ ಸ್ಕೂಟರನ್ನೇರಿ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ಆ ಹತ್ತು ನಿಮಿಷದ ಆತುರದಲ್ಲಿ ಯಾರ ಮನೆಯ ಮಗ ಸಿಗ್ನಲ್ ದಾಟಿ ಓಡಿಬಂದನೆಂಬುದನ್ನು ನೆನೆಯಬೇಕು. ಬೀದಿಗೆ ಬರುವ ತಳ್ಳುಗಾಡಿಯವರಲ್ಲಿ, ನಡೆದು ಹೋಗಬಹುದಾದ ಅಂಗಡಿಯಲ್ಲಿ ಕೊಂಡರೆ ರಸ್ತೆಗೂ ಕ್ಷೇಮ, ದೇಹಕ್ಕೂ ಕ್ಷೇಮ. ತರಿಸಲೇಬೇಕಾದಾಗ ಎಲ್ಲವನ್ನೂ ಕೂಡಿಸಿ ಒಮ್ಮೆಗೇ ತರಿಸೋಣ. ಮಕ್ಕಳನ್ನು ಶಾಲೆಯ ಬಸ್ಸಿಗೋ ನಗರದ ಬಸ್ಸ​ಿಗೋ ರೂಢಿಸೋಣ.

ಮೂಟೆ ಹೊರುವ ಹಮಾಲರನ್ನೂ ರಾತ್ರಿಯೆಲ್ಲ ನಿದ್ದೆಗೆಟ್ಟು ಲಾರಿ ನಡೆಸುವ ಚಾಲಕರನ್ನೂ ಮರೆಯಬಾರದು. ಅವರಿಗೆ ನೆರಳು, ಕುಡಿಯುವ ನೀರು, ಶೌಚದ ಅನುಕೂಲ, ತುಸು ಹೊತ್ತಿನ ವಿಶ್ರಾಂತಿ ಒದಗಿಸದ ಸಾಗಣೆಯನ್ನು ಸುಸ್ಥಿರವೆಂದು ಕರೆಯಲಾಗದು. ದಣಿದ ಚಾಲಕನ ಕಣ್ಣು ಅರೆಗಳಿಗೆ ಮುಚ್ಚಿದರೆ ಆಗುವ ಅನಾಹುತ ಅವನೊಬ್ಬನದಲ್ಲ. ದಾಸೋಹಕ್ಕೆ ಅಕ್ಕಿ ತಂದ ಲಾರಿಯವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಪ್ರಸಾದ ನೀಡುವ ಸಂಪ್ರದಾಯ ಎಲ್ಲೆಡೆಯೂ ಬೆಳೆಯಲಿ.

ಬೆಂಗಳೂರು ತಡವಾಗಿ ಎಚ್ಚೆತ್ತು ಪಡುತ್ತಿರುವ ಪಾಡನ್ನು ನಾವು ನೋಡುತ್ತಿದ್ದೇವೆ. ಮೈಸೂರಿಗೆ ಇನ್ನೂ ಕಾಲಾವಕಾಶವಿದೆ. ವಿಜ್ಞಾನಿಗಳು ಲೆಕ್ಕ ಹೇಳಬಲ್ಲರು, ಸರ್ಕಾರ ಬಸ್ಸು ಬಿಡಬಲ್ಲದು, ನಗರಪಾಲಿಕೆ ಸ್ಥಳ ಗೊತ್ತುಮಾಡಬಲ್ಲದು. ಆದರೆ ಎಷ್ಟು ಬೇಕೋ ಅಷ್ಟೇ ಎಂಬ ವಿವೇಕವು ಪ್ರತಿ ಮನೆಯ ಒಳಗಿನಿಂದಲೇ ಹುಟ್ಟಬೇಕು. ಎಂಟು ಶತಮಾನಗಳ ಹಿಂದೆಯೇ ಆ ವಿವೇಕವನ್ನು ಬಾಳಿ ತೋರಿಸಿದ ತಾಯಿಯ ಪರಂಪರೆ ನಮ್ಮದು. ಆ ಪರಂಪರೆಗೆ ತಕ್ಕಂತೆ ನಡೆಯುವ ಶಕ್ತಿಯನ್ನು ಬಸವಾದಿ ಶರಣರು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇವೆ.